ಸುಗುಣೆ ಕಾಶಿಗೆ ಹೋದದ್ದು

ಅವಳು ಮಾಡಿದ್ದೇ ಸರಿ ಸಾರ್, ಎಂದಿದ್ದಳು ದೀಪಶ್ರೀ. ಶುಕ್ರವಾರ ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ, ನ್ಯೂಸ್‌ಪೇಪರು ಸುತ್ತಿದ ಪುಸ್ತಕವನ್ನು ಮೇಜಿನ ಮೇಲಿಟ್ಟು, ಅಷ್ಟನ್ನೇ ಹೇಳಿ ಎಕನಾಮಿಕ್ಸ್ ಕ್ಲಾಸಿಗೆ ಹೋಗಿಬಿಟ್ಟಿದ್ದಳು. ಭಾನುವಾರ ಬೆಳಿಗ್ಗೆ ಹಾಸನದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಸಂಪತ್ಕುಮಾರನ ಬಾಯಲ್ಲಿ ಆ ಮಾತು ಇನ್ನೂ ಕರಗದ ಪೆಪ್ಪರಮೆಂಟಿನ ಹಾಗೆ ಹೊರಳುತ್ತಿತ್ತು. ಪಕ್ಕದಲ್ಲಿ ರಿಟೈರ್ಡ್ ಹೆಡ್‌ಮಾಸ್ಟರ್ ಗೌರೀಶಂಕರ, ಓದುಗರ ಬಳಗದ ಅಧ್ಯಕ್ಷರು, ನಿದ್ದೆಯಲ್ಲಿ ಅವನ ಭುಜಕ್ಕೆ ತಲೆ ಒರಗಿಸಿದ್ದರು. ಅವರ ತಲೆಯ ಹರಳೆಣ್ಣೆ ತನ್ನ ಇಸ್ತ್ರಿ ಮಾಡಿದ ಅಂಗಿಗೆ ಮೆತ್ತಿಕೊಳ್ಳುತ್ತಿದೆ ಎಂದು ಗೊತ್ತಿದ್ದರೂ ಅವನು ಭುಜ ಅಲುಗಿಸಲಿಲ್ಲ. ಮುಂದಿನ ಸೀಟುಗಳಲ್ಲಿ, ಹೆಂಗಸರ ಕಡೆ, ದೀಪಶ್ರೀಯ ಜಡೆ ಕಾಣುತ್ತಿತ್ತು. ಅವಳ ಪಕ್ಕದಲ್ಲಿ ಅವಳಿಗೆ ಮನೆಯ ಮುಂದಿನ ರೂಮು ಬಾಡಿಗೆಗೆ ಕೊಟ್ಟಿರುವ ಅನಸೂಯಮ್ಮ ಟೀಚರು. ಇಬ್ಬರೂ ಕಡಲೆಕಾಯಿ ತಿನ್ನುತ್ತಿದ್ದರು. ತನಗೆ ಒಪ್ಪಿಗೆ ಕೊಟ್ಟ ಹುಡುಗಿ ಇಷ್ಟು ನಿರಾಳವಾಗಿ ಕಡಲೆಕಾಯಿ ತಿನ್ನಬಹುದೇ ಎಂದು ಅವನಿಗೆ ಅನುಮಾನ ಬಂತು. ಒಪ್ಪಿಗೆ ಕೊಟ್ಟದ್ದರಿಂದಲೇ ತಿನ್ನುತ್ತಿದ್ದಾಳೆ ಎಂದು ಸಮಾಧಾನ ಮಾಡಿಕೊಂಡ.

ಪ್ರೇಮವನ್ನು ಬಾಯಿಬಿಟ್ಟು ಹೇಳುವುದು ಸಿನಿಮಾದವರ ಕೆಲಸ ಎಂದು ಮೈಸೂರಿನ ಹಾಸ್ಟೆಲ್ಲಿನಲ್ಲಿ ಎಂ.ಎ. ಓದುವಾಗಿನಿಂದ ಅವನು ನಂಬಿದ್ದ. ಅದಕ್ಕೇ ಪುಸ್ತಕ ಕೊಟ್ಟದ್ದು. ‘ಎರಡನೇ ಹರಿಗೋಲು’ ಕಾದಂಬರಿ ಬಂದು ಐವತ್ತು ವರ್ಷವಾಗಿತ್ತು. ಶಾನುಭೋಗರ ಹೆಂಡತಿ ಸುಗುಣೆ, ಹೊಳೆ ದಾಟಿಸುವ ಬೋರ. ಜಾತಿ ಬೇರೆ, ತಾಳಿ ಬೇರೆ, ಹೊಳೆ ಒಂದೇ. ಮುನ್ನೂರು ಪುಟ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ, ಮಾತಾಡುವುದಿಲ್ಲ. ಕೊನೆಗೊಂದು ದಿನ ಶಾನುಭೋಗರು ಊರಲ್ಲಿಲ್ಲದಾಗ ಬೋರ ಹಿತ್ತಿಲ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಸುಗುಣೆ ಒಳಗಿನಿಂದ ಅಗುಳಿಯ ಮೇಲೆ ಕೈಯಿಡುತ್ತಾಳೆ. ‘ಹೊರಗೆ ಅವನಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವಳು ಬಾಗಿಲನ್ನು’ ಎಂಬಲ್ಲಿಗೆ ಪುಟ ಮುಗಿಯುತ್ತದೆ. ಮಗುಚಿದರೆ, ‘ಕಾಶಿಯಲ್ಲಿ ಚಳಿ ಹೆಚ್ಚೆಂದು ಕೇಳಿದ್ದರಿಂದ ನಾವು ತಲಾ ಎರಡು ಕಂಬಳಿ ಒಯ್ದಿದ್ದೆವು.’ ಅಲ್ಲಿಂದ ಹದಿನಾರು ಪುಟ ಕಾಶಿ. ಗಂಗೆ, ಟಾಂಗಾದವರ ಮೋಸ, ಗಯೆಯ ಪೂರಿ, ಪೂರಿಯಿಂದ ಹೊಟ್ಟೆ ಕೆಟ್ಟದ್ದು, ತಿರುಗಿ ಬರುವಾಗ ರೈಲಿನಲ್ಲಿ ಸೀಟು ಸಿಗದೇ ಹೋದದ್ದು. ಮುಕ್ತಾಯ. ಮೊದಲ ಸಲ ಓದಿದಾಗ ಸಂಪತ್ಕುಮಾರ ಎದ್ದು ಕೂತಿದ್ದ. ಓಡಿಹೋದರು ಎಂದು ಎಲ್ಲೂ ಹೇಳದೆ, ಆ ಒಂದು ‘ನಾವು’ ಎಂಬ ಮಾತಿನಲ್ಲಿ ಇಬ್ಬರನ್ನೂ ಮುಚ್ಚಿಟ್ಟ ಲೇಖಕನ ಎದೆಗಾರಿಕೆಗೆ ಬೆರಗಾಗಿದ್ದ. ಹೊಳೇನರಸೀಪುರದಲ್ಲಿ ಇದ್ದದ್ದು ಆ ಒಂದೇ ಪ್ರತಿ, ಕೋಟೆ ಬೀದಿಯ ಖಾಸಗಿ ವಾಚನಾಲಯದಲ್ಲಿ. ಯಾವ ಕಾಲದಲ್ಲೋ ಹೊಸ ಬೈಂಡು ಹಾಕಿಸಿದ್ದರು. ಬೈಂಡಿನವನು ಅಂಚನ್ನು ಎಷ್ಟು ಉತ್ಸಾಹದಿಂದ ಕತ್ತರಿಸಿದ್ದನೆಂದರೆ ಪುಟದ ನಂಬರುಗಳೂ ಹಾರಿಹೋಗಿದ್ದವು. ಊರಿನ ಓದುವ ಜನವೆಲ್ಲ ಇಪ್ಪತ್ತು ವರ್ಷದಿಂದ ಅದನ್ನೇ ಓದಿದ್ದರು, ಅದರ ಮೇಲೇ ಜಗಳವಾಡಿದ್ದರು.

ಕೊನೆ ಅಧ್ಯಾಯ ಓದಿ, ಸುಗುಣೆ ಮಾಡಿದ್ದು ಸರಿಯೋ ತಪ್ಪೋ ಹೇಳಿ, ನನಗೆ ಅದು ಮುಖ್ಯ, ಎಂದು ಅವನು ದೀಪಶ್ರೀಗೆ ಹೇಳಿದ್ದ. ಹೇಳುವಾಗ ಅವಳ ಮುಖ ನೋಡದೆ ಗೋಡೆಯ ಟೈಮ್‌ಟೇಬಲ್ ನೋಡಿದ್ದ. ಅವಳೇನು ಪೆದ್ದಿಯಲ್ಲ. ಹಳೇಕೋಟೆಯ ರಾಮಣ್ಣನವರ ಮಗಳು, ಗದ್ದೆ ತೋಟ ಟ್ರ್ಯಾಕ್ಟರಿನ ಮನೆ. ಇವನು ನರಸಿಂಹಸ್ವಾಮಿ ದೇವಸ್ಥಾನದ ಬೀದಿಯ ಹುಡುಗ, ಪುಳಿಯೋಗರೆ ಮನೆ, ಇನ್ನೂ ಪಾರ್ಟ್‌ಟೈಮ್ ಲೆಕ್ಚರರ್. ಮುಂದಿನ ಭಾನುವಾರ ಚನ್ನರಾಯಪಟ್ಟಣದಿಂದ ಯಾರೋ ಬೋರ್‌ವೆಲ್ ಕಂಟ್ರಾಕ್ಟರು ಅವಳನ್ನು ನೋಡಲು ಬರುತ್ತಾನಂತೆ. ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಅವಳೇ ಹೇಳಿದ್ದಳು. ಹೇಳಿ ಇವನ ಕಡೆ ನೋಡಿದ್ದಳು. ಇವನು ಚಾಕ್‌ಪೀಸ್ ಡಬ್ಬಿ ತೆಗೆದು ಚಾಕ್‌ಪೀಸ್ ಇದೆಯೇ ಎಂದು ನೋಡಿದ್ದ. ಚಿಕ್ಕವನಿದ್ದಾಗ ಅಮ್ಮ ಪಕ್ಕದ ಮನೆಗೆ ಒಂದು ಲೋಟ ಕಾಫಿಪುಡಿ ಕೇಳಿಕೊಂಡು ಬಾ ಎಂದು ಕಳಿಸಿದರೆ, ಅವರ ಜಗಲಿಯವರೆಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಕೇಳದೆಯೇ ವಾಪಸು ಬಂದು ‘ಇಲ್ವಂತೆ’ ಎನ್ನುತ್ತಿದ್ದ. ಆ ಮನೆಯವರು ಜಿಪುಣರೆಂದು ಅಮ್ಮ ಸಾಯುವವರೆಗೂ ನಂಬಿದ್ದಳು. ಹಾಸ್ಟೆಲ್ಲಿನಲ್ಲೂ ಅಷ್ಟೆ. ಸಾರು ಇನ್ನೊಂದು ಸಲ ಹಾಕಿ ಎಂದು ಕೇಳಲಾರದೆ ಎಂ.ಎ. ಎರಡೂ ವರ್ಷ ಒಣ ಅನ್ನ ನುಂಗಿದ್ದ. ಮೊಸಳೆ ಹೊಸಹಳ್ಳಿ ಬಂತಾ, ಎಂದು ಗೌರೀಶಂಕರ ಕಣ್ಣು ಬಿಡದೆ ಕೇಳಿದರು. ಆಗಲೇ ದಾಟ್ತು ಸಾರ್, ಎಂದ. ಅವರು ತಲೆಯನ್ನು ಇನ್ನಷ್ಟು ಭದ್ರವಾಗಿ ಅವನ ಭುಜದ ಮೇಲಿಟ್ಟರು.

ಕಾದಂಬರಿಯ ಐವತ್ತರ ನೆನಪಿಗೆ ಬಳಗದ ಸಭೆ ಹಾಸನದ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಇತ್ತು. ಮೇಲಿನ ಹಾಲಿನಲ್ಲಿ ಯಾರದೋ ನಾಮಕರಣ. ಉದ್ದುದ್ದ ಊಟದ ಟೇಬಲ್ಲುಗಳ ಹಿಂದೆ ಸಾಲಾಗಿ ಕೂತ ಸಾಹಿತ್ಯಾಸಕ್ತರು ಎಲೆ ಹಾಕುವುದನ್ನು ಕಾಯುತ್ತಿರುವವರ ಹಾಗೆ ಕಂಡರು. ಸಂಪತ್ಕುಮಾರನ ಭಾಷಣ ಚೆನ್ನಾಗಿಯೇ ಆಯಿತು. ಹೊಸ್ತಿಲ ಮೇಲೆ ವಾಕ್ಯವನ್ನು ಮುರಿಯುವ ಧೈರ್ಯ ಆ ಕಾಲದಲ್ಲಿ ಯಾರಿಗಿತ್ತು, ಎಂದು ಕೇಳಿದ. ತಲಾ ಎರಡು ಕಂಬಳಿಯೆಂಬ ವಿವರದಲ್ಲಿ ಸಮಾಜ ಹೊದಿಸಿದ ಮೈಲಿಗೆಯ ಭಾರವಿದೆ ಎಂದ. ಗಯೆಯ ಪೂರಿ, ಹೊಟ್ಟೆ ಕೆಡುವುದು, ಇವು ನಿಷಿದ್ಧವಾದದ್ದನ್ನು ಉಂಡ ದೇಹದ ಪ್ರತಿಭಟನೆ ಎಂದ. ಹೇಳುತ್ತ ಹೇಳುತ್ತ ದೀಪಶ್ರೀಯ ಕಡೆ ಒಮ್ಮೆ ನೋಡಿದ. ಅವಳು ತುಟಿ ಬಿಗಿಹಿಡಿದು ಟೇಬಲ್ಲಿನ ಮೇಲಿನ ಉಪ್ಪಿನ ಬಟ್ಟಲನ್ನು ನೋಡುತ್ತಿದ್ದಳು. ಭಾವೋದ್ವೇಗ, ಎಂದುಕೊಂಡ.

ಗೌರೀಶಂಕರ ಎದ್ದರು. ಮೈಲಿಗೆಯ ಮಾತು ಬಿಡಿ ಸಂಪತ್ತು, ಇದು ಪ್ರಾಯಶ್ಚಿತ್ತ, ಎಂದರು. ಅವಳು ಬಾಗಿಲು ತೆಗೆಯಲೇ ಇಲ್ಲ, ಮಾರನೇ ದಿನ ಗಂಡನ ಜೊತೆ ಕಾಶಿಗೆ ಹೊರಟಳು. ನಾವು ಅಂದರೆ ಗಂಡ ಹೆಂಡತಿ. ಮನೆಯಲ್ಲಿ ಹದಿನೆಂಟು ಸಲ ಓದಿದ್ದೇನೆ, ಪ್ರತಿ ಸಲ ಗಂಗೆಯ ಹತ್ತಿರ ಬಂದಾಗ ಕಣ್ಣು ತುಂಬುತ್ತದೆ.

“ಗಂಡನ್ ಜೊತೆ ಹೋಗೋಳು ಅಷ್ಟು ಖುಷಿಯಾಗಿ ಪೂರಿ ತಿಂತಾಳಾ ಸಾರ್?” ಅನಸೂಯಮ್ಮ ಕೂತಲ್ಲಿಂದಲೇ ಕೇಳಿದರು. “ಆ ಶಾನುಭೋಗ ಇಡೀ ಪುಸ್ತಕದಲ್ಲಿ ಒಂದ್ ಕೋಡುಬಳೆ ತಂದ್ಕೊಟ್ಟೋನಲ್ಲ. ಬೋರನ ಜೊತೇಲೇ ಹೋಗಿರೋದು. ಹೋಗ್ಲಿ ಬಿಡಿ, ಒಳ್ಳೇದಾಯ್ತು. ನನಗೆ ಒಂದೇ ಡೌಟು, ಅಂಥಾ ಪ್ರೀತಿ ಇದ್ರೆ ತಲಾ ಎರಡು ಕಂಬಳಿ ಯಾಕೆ?”

ಹಾಲಿನಲ್ಲಿ ನಗು. ಮೇಲಿನಿಂದ ಮಗು ಅತ್ತ ಸದ್ದು ಮೈಕಿನಲ್ಲಿ ಬಂತು.

ಗೊಬ್ಬರದ ಅಂಗಡಿ ಪುಟ್ಟರಾಜು ಕೈಯೆತ್ತಿದ. “ಅಲ್ಲಾ ಸಾ, ಕಂಬ್ಳಿ ಇರ‍್ಲಿ. ದುಡ್ ಎಲ್ಲಿಂದ ಬತ್ತು ಅಂತ ಯಾರಾನ ಕೇಳಿದ್ರಾ? ರೈಲ್ ಚಾರ್ಜು, ಟಾಂಗಾ, ಛತ್ರ. ಅರಿಗೋಲ್ ಒತ್ತೋನ್ ತಾವ ಏನದೆ? ಆವಮ್ಮ ಗಂಡನ್ ಬೀರು ಒಡ್ದವ್ಳೆ ಕಣಿ. ಇದು ಪ್ರೇಮ ಅಲ್ಲ ಸಾ, ಕಳ್ಳತನದ್ ಕೇಸು.”

“ಥೂ, ನಿನ್ ಬುದ್ಧಿ ಯೂರಿಯಾ ಮೂಟೆ ಬಿಟ್ಟು ಆಚೆಗೆ ಬರಲ್ವಲ್ಲೋ,” ಎಂದರು ಅನಸೂಯಮ್ಮ.

“ಬೀರು ಒಡೆಯೋದು ನಿಮ್ಗೆ ಬುದ್ಧಿನಾ ಟೀಚರಮ್ಮಾ?”

ಚನ್ನರಾಯಪಟ್ಟಣದಿಂದ ಬಂದಿದ್ದ ಮೂವರು ಇಂಥ ಕಾದಂಬರಿಗಳು ಹೆಣ್ಣುಮಕ್ಕಳನ್ನು ಹಾಳುಮಾಡುತ್ತವೆ ಎಂದು ಒಬ್ಬರಾದ ಮೇಲೊಬ್ಬರು ಖಂಡಿಸಿದರು. ಅವರು ಯಾರೂ ಪುಸ್ತಕ ಓದಿರಲಿಲ್ಲ. ಓದದೆ ಇದ್ದುದರಿಂದ ಅವರ ಮಾತಿನಲ್ಲಿ ಬಹಳ ಸ್ಪಷ್ಟತೆಯಿತ್ತು.

ಆಗ ಹಿಂದಿನ ಸಾಲಿನಲ್ಲಿ ಪಾಲಾಕ್ಷ ಎದ್ದು ನಿಂತ. ಅರಕಲಗೂಡಿನ ವಿಮೆ ಏಜೆಂಟು, ಕಂಕುಳಲ್ಲಿ ರೆಕ್ಸಿನ್ ಬ್ಯಾಗು. ಅವನು ಮಾತು ಶುರುಮಾಡಿದರೆ ಪಾಲಿಸಿ ಮಾಡಿಸದೆ ಬಿಡುವುದಿಲ್ಲವೆಂದು ಎಲ್ಲರಿಗೂ ಹೆದರಿಕೆ. ಕ್ಷಮಿಸಬೇಕು, ಎಂದ. ಆಗಿನಿಂದ ಕೇಳ್ತಾ ಇದೀನಿ. ನನ್ನ ಹತ್ತಿರ ನಮ್ಮ ತಾತ ಕೊಂಡಿದ್ದ ಪ್ರತಿ ಇದೆ, ಮೊದಲನೇ ಮುದ್ರಣ. ಇದರಲ್ಲಿ ಕಾಶಿ ಇಲ್ಲ.

ಕಾಶಿ ಇಲ್ಲ ಅಂದ್ರೆ, ಎಂದರು ಗೌರೀಶಂಕರ, ಊರನ್ನೇ ಯಾರೋ ಎತ್ತಿಕೊಂಡು ಹೋದರೇನೋ ಎಂಬ ಧ್ವನಿಯಲ್ಲಿ.

ಇಲ್ಲ ಸಾರ್. ಕಾಶಿ, ಗಯೆ, ಪೂರಿ, ಯಾವುದೂ ಇಲ್ಲ. ನಿಮ್ಮ ಬೈಂಡಿನವನು ಬೇರೆ ಯಾವುದೋ ಪ್ರವಾಸದ ಪುಸ್ತಕದ ಕೊನೆಯ ಹದಿನಾರು ಪುಟ ಸೇರಿಸಿ ಹೊಲಿದಿದ್ದಾನೆ ಅಂತ ಕಾಣುತ್ತೆ. ಎರಡೂ ಒಂದೇ ಪ್ರೆಸ್ಸಿನ ಅಚ್ಚು ಇರಬೇಕು.

ಸಂಪತ್ಕುಮಾರನಿಗೆ ಮೈಲಿಗೆಯ ಭಾರ, ದೇಹದ ಪ್ರತಿಭಟನೆ, ಎಲ್ಲ ಒಟ್ಟಿಗೆ ನೆನಪಾಗಿ ಕುತ್ತಿಗೆ ಬಿಸಿಯಾಯಿತು. ಆದರೆ ಅದು ದೊಡ್ಡ ನೋವಲ್ಲ. ಜಿಲ್ಲೆಯ ಮುಂದೆ ಪೆದ್ದನಾಗುವುದು ಒಂದು ವಾರದ ಮಾತು. ದೀಪಶ್ರೀ ಓದಿದ್ದು ಯಾವುದು? ಅವಳು ಅರಕಲಗೂಡಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಪಿ.ಯು.ಸಿ. ಮಾಡಿದವಳು. ಅಲ್ಲಿ ಸರಿಯಾದ ಪ್ರತಿ ಓದಿರಬಹುದು. ಓದಿದ್ದರೆ, ಅವಳು ಸರಿ ಎಂದದ್ದು ಯಾವುದನ್ನು? ಹಾಗಾದ್ರೆ ಸುಗುಣೆ ಏನು ಮಾಡ್ತಾಳೆ, ಎಂದು ಅವನೇ ಕೇಳಿದ. ಪಾಲಾಕ್ಷ ಬ್ಯಾಗಿನ ಜಿಪ್ಪು ಎಳೆದ. ಅಷ್ಟರಲ್ಲಿ ಮಂಟಪದ ಅಡಿಗೆಯವನು ಬಂದು, ಉಪ್ಪಿಟ್ಟು ಆರ‍್ತದೆ, ಆಮೇಲೆ ಮೇಲ್ನೋರ ಊಟಕ್ಕೆ ಈ ಹಾಲ್ ಬೇಕು, ಎಂದ. ಅಧ್ಯಕ್ಷರು ವಿರಾಮ ಘೋಷಿಸಿದರು.

ಸಂಪತ್ಕುಮಾರ ಉಪ್ಪಿಟ್ಟಿನ ತಟ್ಟೆ ಹಿಡಿದು ಹೋದ. ಪಾಲಾಕ್ಷನ ಎದುರು ಕೂತು, ಅವನು ಒಂದೊಂದೇ ಬಟಾಣಿಯನ್ನು ತಟ್ಟೆಯ ಅಂಚಿಗೆ ಆರಿಸಿಡುವುದನ್ನು ನೋಡುತ್ತ, ಈ ಮನುಷ್ಯ ಕೊನೆಯ ಬಟಾಣಿ ಆರಿಸುವ ಹೊತ್ತಿಗೆ ನನ್ನ ಜೀವನ ತೀರ್ಮಾನವಾಗಿರುತ್ತದೆ ಎಂದುಕೊಂಡ. ಕೊಂಚ ಪುಸ್ತಕ ಕೊಡ್ತೀರಾ, ಎಂದು ಕೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂತು. ಉಪ್ಪಿಟ್ಟು ಚೆನ್ನಾಗಿದೆ ಅಲ್ವಾ, ಎಂದ. ತುಪ್ಪ ಸಾಲದು, ಎಂದ ಪಾಲಾಕ್ಷ. ನಿಮಗೆ ವಯಸ್ಸೆಷ್ಟು ಸಾರ್? ಈ ವಯಸ್ಸಲ್ಲಿ ಪ್ರೀಮಿಯಂ ಬಹಳ ಕಮ್ಮಿ.

ಮತ್ತೆ ಎಲ್ಲರೂ ಕೂತ ಮೇಲೆ ಪಾಲಾಕ್ಷ ಕನ್ನಡಕ ಒರೆಸಿ ಓದಿದ. ಅವಳು ಬಾಗಿಲನ್ನು ತೆರೆಯಲಿಲ್ಲ. ಅಷ್ಟೆ. ಬೋರ ಬೆಳಗಿನವರೆಗೆ ನಿಂತು ಹೊರಟುಹೋಗುತ್ತಾನೆ. ಉಳಿದ ಹದಿನಾರು ಪುಟದಲ್ಲಿ ಸುಗುಣೆ ಮಜ್ಜಿಗೆ ಕಡೆಯುತ್ತಾಳೆ, ಶ್ರಾದ್ಧದ ಅಡಿಗೆ ಮಾಡುತ್ತಾಳೆ, ಬೋರನಿಗೆ ಬೇರೆ ಕಡೆ ಮದುವೆಯಾಗುತ್ತದೆ. ಮುಕ್ತಾಯ.

ಅವಳು ಮಾಡಿದ್ದೇ ಸರಿ ಸಾರ್. ಸಂಪತ್ಕುಮಾರ ಕೈಗಳನ್ನು ಟೇಬಲ್ಲಿನ ಕೆಳಗೆ ಬಚ್ಚಿಟ್ಟುಕೊಂಡ. ಹಾಗಾದರೆ ಅದು ಇಲ್ಲ ಎಂಬ ಮಾತು. ಎಷ್ಟು ಮರ್ಯಾದೆಯಿಂದ ಇಲ್ಲ ಅಂದಿದ್ದಾಳೆ, ನ್ಯೂಸ್‌ಪೇಪರಿನಲ್ಲಿ ಸುತ್ತಿ. ಎರಡು ದಿನದಿಂದ ನಾನು ಗಡ್ಡ ಬೋಳಿಸಿಕೊಂಡು ಸಂಭ್ರಮಿಸಿದ್ದು ಬೈಂಡಿನವನ ಸೂಜಿ ಮಾಡಿದ ತಪ್ಪಿನಿಂದ.

“ಇದ್ ಚೆನ್ನಾಗಿಲ್ಲ,” ಎಂದರು ಅನಸೂಯಮ್ಮ. “ಮಜ್ಜಿಗೆ ಕಡೆಯೋದನ್ನ ಓದೋಕೆ ನಾನು ಮುನ್ನೂರು ಪುಟ ಓದಬೇಕಾ? ನಮ್ಮದೇ ಚೆನ್ನಾಗಿದೆ.”

ಪ್ರಾಯಶ್ಚಿತ್ತವೇ ಇಲ್ಲದ ಕೊನೆ ಕೊನೆಯೇ ಅಲ್ಲ, ಎಂದರು ಗೌರೀಶಂಕರ. ಪಾಲಾಕ್ಷ, ದೋಷ ನಿಮ್ಮ ತಾತನ ಪ್ರತಿಯಲ್ಲೇ ಇರಬಹುದು. ಪರಿಶೀಲಿಸಿ.

“ಓಟ್ ಆಕ್ಸಿ ಸಾ,” ಎಂದ ಪುಟ್ಟರಾಜು. ಅವನಿಗೆ ಬೀರು ಒಡೆದ ಮೊಕದ್ದಮೆ ಕೈಬಿಡಲು ಮನಸ್ಸಿರಲಿಲ್ಲ. ಕೈ ಎತ್ತಿಸಿದರು. ಹೊಳೇನರಸೀಪುರದವರೇ ಹೆಚ್ಚು ಬಂದಿದ್ದರಿಂದ ಕಾಶಿ ಗೆದ್ದಿತು. ಓದದೆ ಇದ್ದ ಚನ್ನರಾಯಪಟ್ಟಣದವರೂ ಪುಣ್ಯಕ್ಷೇತ್ರವೆಂದು ಕಾಶಿಗೇ ಕೈಯೆತ್ತಿದರು. ಪಾಲಾಕ್ಷ ಒಬ್ಬನೇ ತಾತನ ಪುಸ್ತಕವನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ವಿದ್ವಾಂಸರು ತೀರ್ಮಾನ ಹೇಳಲಿ, ಎಂದು ಗೌರೀಶಂಕರ ಮೈಕನ್ನು ಸಂಪತ್ಕುಮಾರನ ಮುಂದೆ ತಳ್ಳಿದರು. ಅವನಿಗೆ ಗೊತ್ತಿತ್ತು. ಪಾಲಾಕ್ಷ ಹೇಳಿದ್ದು ನಿಜ, ನಾನು ಹೇಳಿದ್ದೆಲ್ಲ ಯಾರೋ ಯಾತ್ರಿಕನ ಅಜೀರ್ಣದ ಬಗ್ಗೆ, ಎಂದು ಒಂದೇ ಉಸಿರಿನಲ್ಲಿ ಹೇಳಬಹುದಿತ್ತು. ದೀಪಶ್ರೀ ಈಗ ನೇರವಾಗಿ ಅವನನ್ನೇ ನೋಡುತ್ತಿದ್ದಳು. ಇದು ಎರಡು ಕೊನೆಗಳ ಕೃತಿ, ಎಂದ. ಎರಡೂ ಸಾಧ್ಯ. ಓದುಗನೇ ಸೃಷ್ಟಿಕರ್ತ. ಚಪ್ಪಾಳೆ ಬಿತ್ತು. ದೀಪಶ್ರೀ ಚಪ್ಪಾಳೆ ತಟ್ಟಲಿಲ್ಲ, ಉಪ್ಪಿನ ಬಟ್ಟಲನ್ನು ಆಚೆಗೆ ಸರಿಸಿದಳು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಉಳಿದವರು ಬಾಳೆಹಣ್ಣಿನ ಗಾಡಿಯ ಹತ್ತಿರ ನಿಂತು ಇನ್ನೂ ಕಂಬಳಿಯ ವಿಷಯ ಮಾತಾಡುತ್ತಿದ್ದಾಗ ಅವನು ಅವಳ ಪಕ್ಕಕ್ಕೆ ಹೋಗಿ ನಿಂತ. ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದ. ನೀವು ಓದಿದ್ದು ಯಾವ ಪ್ರತಿ, ಎಂದ.

“ನೀವ್ ಕೊಟ್ಟಿದ್ದೇ ಸಾರ್.”

ಅವನು ಅರ್ಧ ಹೆಜ್ಜೆ ಹತ್ತಿರ ಸರಿದ. ಹಾಗಾದರೆ ಕಾಶಿ. ಹಾಗಾದರೆ ಇಬ್ಬರೂ.

“ಕಾಶಿ ಬಂದಾಗ ನಿಲ್ಲಿಸ್ಬಿಟ್ಟೆ. ಅದು ಬೇರೆ ಪುಸ್ತಕ ಅಂತ ನೋಡಿದ್ರೇ ಗೊತ್ತಾಗುತ್ತಲ್ಲ. ನಮ್ ಅಪ್ಪಾಜಿ ಮುಂದಕ್ಕೆ ಓದಿದ್ರು. ಅವರು ಹೋದ್ ವರ್ಷ ಕಾಶಿಗೆ ಹೋಗ್ಬಂದಿದ್ರಲ್ಲ, ಟಾಂಗಾದೋರು ಈಗ್ಲೂ ಅಂಗೇ ಕಣವ್ವಾ ಅಂದ್ರು.”

ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ, ಎಂದ ಅವನು. ಅದಕ್ಕಿಂತ ಬೇರೆ ಕೇಳಬೇಕಾಗಿತ್ತು ಎಂದು ಕೇಳಿದ ಮೇಲೆ ಹೊಳೆಯಿತು.

“ಪುಸ್ತಕ ಕೊಡೋವಾಗ ನೀವೇ ಇದು ನವ್ಯ ಅಂದ್ರಲ್ಲ. ನಾನು ಎಕನಾಮಿಕ್ಸು, ನನಗೇನ್ ಗೊತ್ತು ಅಂದ್ಕೊಂಡೆ. ಇವತ್ತು ಆ ಪೂರಿ ವಿಷ್ಯ ನೀವು ಹೇಳೋವಾಗ ನಗು ತಡೆಯಕ್ಕಾಗ್ದೆ ಸತ್ಹೋಗಿದ್ದೆ.”

ಮತ್ತೆ... ಅವಳು ಮಾಡಿದ್ದೇ ಸರಿ ಅಂದ್ರಲ್ಲ?

“ಬಾಗ್ಲವರ್ಗೂ ಬಂದ್ಲಲ್ಲ, ಅದು ಸರಿ ಅಂದೆ. ಅಗುಳಿ ಮೇಲೆ ಕೈಯಿಟ್ಲು. ಇನ್ನೇನ್ ಮಾಡ್ಬೇಕು ಸಾರ್ ಅವಳು? ಆಚೆ ಇರೋನಿಗೆ ಬಾಯಿಲ್ವಾ? ಮುನ್ನೂರು ಪುಟ ಸುಮ್ನೆ ನಿಂತವ್ನೆ, ಮರದ್ ಗೊಂಬೆ ನಿಂತಂಗೆ. ಓದ್ತಾ ಓದ್ತಾ ಅವನ್ ಕೆನ್ನೆಗೆ ಒಂದ್ ಬಾರ್ಸೋಣ ಅನ್ನಿಸ್ತು.”

ಹೇಳಿ ಅವಳು ಕಾದಳು. ಅವನು ಬಾಯಿ ತೆರೆದ. ಬೋರನ ಮೌನ ವರ್ಗದ ಮೌನವೂ ಹೌದು, ಎಂಬ ವಾಕ್ಯ ಪೂರ್ತಿಯಾಗಿ, ಅಚ್ಚುಕಟ್ಟಾಗಿ ಒಳಗೆ ತಯಾರಾಯಿತು. ಅದನ್ನು ಹೇಳಿಬಿಡುತ್ತೇನೆಂದು ಅವನಿಗೇ ಭಯವಾಯಿತು. ಹೇಳಿಯೂಬಿಟ್ಟ. ದೀಪಶ್ರೀ ಅವನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು. ಬಸ್ಸು ಬಂತು, ಎಂದಳು. ಮುಂದಿನ ಬಾಗಿಲಿನಿಂದ ಹತ್ತಿ ಅನಸೂಯಮ್ಮನ ಪಕ್ಕ ಕೂತಳು. ಅವನು ಹಿಂದಿನ ಬಾಗಿಲಿನಿಂದ ಹತ್ತಿದ. ಸೀಟಿರಲಿಲ್ಲ, ಪುಟ್ಟರಾಜುವಿನ ಕಂಕುಳ ಕೆಳಗೆ ಕಂಬಿ ಹಿಡಿದು ನಿಂತ. ಬಸ್ಸು ಹೊರಟು ಊರು ದಾಟಿತು. ಹೊಲಗಳ ಮೇಲೆ ಬಿಸಿಲು ಹಳದಿಯಾಗಿತ್ತು. ಅವನಿಗೆ ತನ್ನ ಮೇಲೆ ಬಂದ ಸಿಟ್ಟು ಎಷ್ಟೆಂದರೆ, ಸುಮ್ಮನೆ ನಿಂತಿದ್ದ ಪುಟ್ಟರಾಜುವಿಗೆ, ಸ್ವಲ್ಪ ಆಚೆ ನಿಂತ್ಕೊಳ್ರೀ, ಎಂದ. ಇಪ್ಪತ್ತೊಂಬತ್ತು ವರ್ಷದಲ್ಲಿ ಬಸ್ಸಿನಲ್ಲಿ ಯಾರಿಗೂ ಹಾಗೆ ಅಂದಿರಲಿಲ್ಲ. ಪುಟ್ಟರಾಜು ಆಶ್ಚರ್ಯದಿಂದ ಆಚೆ ಸರಿದ. ಸರಿಯುತ್ತಾರೆ, ಅಂದರೆ ಸರಿಯುತ್ತಾರೆ!

ಕಂಡಕ್ಟರು ಬಂದ. ಎಲ್ಲಿಗೆ ಸಾ?

ಎರಡು ಹೊಳೇನರಸೀಪುರ, ಎಂದ ಸಂಪತ್ಕುಮಾರ.

ಇನ್ನೊಂದ್ಯಾರು?

ಮುಂದೆ ಇದಾರೆ.

ಕಂಡಕ್ಟರು ಟಿಕೆಟ್ಟಿನ ಕಟ್ಟನ್ನು ಕಂಬಿಗೆ ಬಡಿದು ಕೂಗಿದ. “ಮುಂದ್ಗಡೆ ಯಾರಮ್ಮಾ, ಈ ಕನ್ನಡಕದ್ ಸಾರ್ ಜೊತೆ ಇರೋರು? ಕೈ ಎತ್ತಿ!”

ಬಸ್ಸೆಲ್ಲ ಹಿಂದಕ್ಕೆ ತಿರುಗಿತು. ನಿದ್ದೆಯಲ್ಲಿದ್ದ ಗೌರೀಶಂಕರ ಕಣ್ಣು ಬಿಟ್ಟು ಎಚ್ಚರವಾದರು. ಪುಟ್ಟರಾಜು ಅವನ ಮುಖವನ್ನು, ಆಮೇಲೆ ಹೆಂಗಸರ ಸೀಟನ್ನು, ಮತ್ತೆ ಅವನ ಮುಖವನ್ನು ನೋಡಿ, “ಅಯ್ಯಯ್ಯಪ್ಪಾ,” ಎಂದ ಮೆಲ್ಲಗೆ. ಯಾರೂ ಕೈ ಎತ್ತಲಿಲ್ಲ. ಸಂಪತ್ಕುಮಾರ ಕಿಟಕಿಯಿಂದ ಹಾರುವ ದಾರಿ ನೋಡಿದ. ಕಂಬಿಗಳಿದ್ದವು.

“ಯಾರ್ರೀ ಅದೂ? ಇಲ್ದಿದ್ರೆ ಒಂದೇ ಅರೀತೀನಿ ಸಾ.”

ದೀಪಶ್ರೀ ಎದ್ದು ನಿಂತಳು. ಒಂದು ಕೈಯಲ್ಲಿ ಕಡಲೆಕಾಯಿಯ ಪೊಟ್ಟಣ ಇತ್ತು. “ನಾನೇ ಕಣಪ್ಪಾ,” ಎಂದಳು ಬಸ್ಸಿಗೆಲ್ಲ ಕೇಳುವ ಹಾಗೆ. “ಆದ್ರೆ ನಾನಿವತ್ತು ಹೊಳೇನರಸೀಪುರದಲ್ಲಿ ಇಳಿಯಲ್ಲ. ಹಳೇಕೋಟೆಗೆ, ನಮ್ ಅಪ್ಪಾಜಿ ಮನೆಗೆ ಹೋಗ್ತಿರೋದು. ಆ ಸಾರ್ ಎಲ್ಲಿಗೆ ಬರ್ತಾರೆ ಅಂತ ಸರಿಯಾಗ್ ಕೇಳಿ ಕೊಡು.”

ಅನಸೂಯಮ್ಮ ಬಾಯಿಯ ಹತ್ತಿರ ತಂದಿದ್ದ ಕಡಲೆಕಾಯಿಯನ್ನು ಹಾಗೇ ಹಿಡಿದುಕೊಂಡಿದ್ದರು. ಹಳೇಕೋಟೆಯ ರಾಮಣ್ಣನವರನ್ನು ಸಂಪತ್ಕುಮಾರ ಒಂದು ಸಲ ಕಾಲೇಜಿನ ಗೇಟಿನಲ್ಲಿ ನೋಡಿದ್ದ. ಆಳೆತ್ತರದ ಮನುಷ್ಯ, ಮೀಸೆ, ಜೀಪಿನಲ್ಲಿ ಎರಡು ನಾಯಿ. ಅವನ ಹೊಟ್ಟೆಯೊಳಗೆ ಗಯೆಯ ಪೂರಿ ತಿಂದವರಿಗೆ ಆದದ್ದೇ ಆಗುತ್ತಿತ್ತು.

“ಬೇಗ ಯೋಳಿ ಸಾ, ಸ್ಟೇಜ್ ಬತ್ತದೆ.”

“ಹಳೇಕೋಟೆ,” ಎಂದ. “ಎರಡು.” ಎಷ್ಟು ಜೋರಾಗಿ ಎಂದರೆ ಡ್ರೈವರು ಬೆಚ್ಚಿ ಬ್ರೇಕಿನ ಮೇಲೆ ಕಾಲಿಟ್ಟ, ನಿಂತವರೆಲ್ಲ ಒಬ್ಬರ ಮೇಲೊಬ್ಬರು ಮುಂದಕ್ಕೆ ಬಿದ್ದರು.